ಕಾಶಿಯಲ್ಲಿ ಬಿಟ್ಟ ಮಗಳು

ಕಾಶಿಗೆ ಹೋದವರು ಏನಾದರೂ ಒಂದನ್ನು ಬಿಟ್ಟು ಬರಬೇಕು. ನಮ್ಮ ಕಡೆಯವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಒಂದು ಹಣ್ಣು, ಒಂದು ಕಾಯಿಪಲ್ಯ, ಅಷ್ಟೇ. ಗಂಗೆಯಲ್ಲಿ ಮುಳುಗಿ, ದರ್ಭೆ ಹಿಡಿದು, ಇನ್ನು ಮೇಲೆ ಇದನ್ನು ಮುಟ್ಟುವುದಿಲ್ಲ ಎಂದು ಹೇಳಿ ಎದ್ದು ಬಂದರೆ ಮುಗಿಯಿತು. ನಮ್ಮವರು ಜಾಣರಲ್ಲವೇ, ಹತ್ತರಲ್ಲಿ ಎಂಟು ಜನ ಬಿಡುವುದು ಹಾಗಲಕಾಯಿಯನ್ನೇ. ಮಾವಿನಹಣ್ಣು ಬಿಟ್ಟ ಗಂಡಸನ್ನು ಅಲ್ಲಿನ ಶಿವಾಲಾ ಬಡಾವಣೆಯ ಕನ್ನಡ ಪುರೋಹಿತ ಬದರೀನಾರಾಯಣ ತನ್ನ ಜನ್ಮದಲ್ಲಿ ಕಂಡಿಲ್ಲವಂತೆ.

ಮನುಷ್ಯರನ್ನು ಬಿಡುವ ಪದ್ಧತಿ ಶುರುವಾದದ್ದು ಶ್ರೀರಮಾ ಅವರಿಂದ. ಬೇಕೆಂದು ಮಾಡಿದ್ದಲ್ಲ, ಪಾಪ. ಆಕೆ ಮೈಸೂರಿನವರು. ಮದುವೆಯಾಗಿ ಗಂಡನ ಜೊತೆ ಕಾಶಿಗೆ ಬಂದು, ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ವಿಶ್ವವಿದ್ಯಾಲಯದ ಬಳಿ ಲಂಕಾ ಎಂಬ ಬಡಾವಣೆಯಲ್ಲಿದ್ದ ಮನೆ ಖಾಲಿ ಮಾಡಿ, ಬದರೀನಾರಾಯಣನ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಕೆಳಗೆ ಅವನ ಹೆಂಡತಿ ಲಕ್ಷ್ಮೀ ಮಾಡುವ ಫಿಲ್ಟರ್ ಕಾಫಿಯ ವಾಸನೆ ಮೇಲಕ್ಕೆ ಬರುತ್ತದೆ ಎನ್ನುವುದೊಂದೇ ಆ ಮನೆಯನ್ನು ಒಪ್ಪಿಕೊಳ್ಳಲು ಕಾರಣ ಎಂದು ಹೇಳುತ್ತಿದ್ದರು.

ನೌಕರಿಯಲ್ಲಿದ್ದಾಗ ಅವರು ಒಂದು ಕಾದಂಬರಿ ಬರೆದಿದ್ದರು. ಕನ್ನಡದ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂತು. ಅದರಲ್ಲಿ ಒಬ್ಬ ತಾಯಿ. ಮಗಳು ಬೇರೆ ಜಾತಿಯವನನ್ನು ಮದುವೆಯಾದಳು ಎಂಬ ಸಿಟ್ಟಿಗೆ ಆ ತಾಯಿ ಕಾಶಿಗೆ ಬರುತ್ತಾಳೆ, ಕೇದಾರ ಘಾಟಿನ ನೀರಿನಲ್ಲಿ ನಿಲ್ಲುತ್ತಾಳೆ, ತರಕಾರಿಯ ಹೆಸರು ಹೇಳುವ ಬದಲು ಮಗಳ ಹೆಸರು ಹೇಳಿ ಬಿಟ್ಟೆ ಎನ್ನುತ್ತಾಳೆ. ಕಾದಂಬರಿಯ ಕೊನೆಯ ವಾಕ್ಯ ಹೀಗಿತ್ತು: ‘ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು.’

ಆ ವಾಕ್ಯ ಬರೆದಾಗ ಶ್ರೀರಮಾ ಅವರ ಮನಸ್ಸಿನಲ್ಲಿದ್ದುದೇ ಬೇರೆ. ಎಂಥ ಕಲ್ಲುಹೃದಯ ನೋಡಿ, ಹೆತ್ತ ಮಗಳನ್ನು ನೀರಿಗೆ ಬಿಟ್ಟು ಬಂದು ಗೊರಕೆ ಹೊಡೆಯುತ್ತಾಳಲ್ಲ, ಎಂದು ಓದಿದವರ ಮೈ ಉರಿಯಬೇಕು ಎಂಬುದು ಅವರ ಲೆಕ್ಕಾಚಾರ. ಆದರೆ ಓದುವವರು ನಮ್ಮ ಲೆಕ್ಕಾಚಾರದ ಪ್ರಕಾರ ಓದುತ್ತಾರೆಯೇ? ಅಬ್ಬಾ, ಕೊನೆಗೂ ಆ ತಾಯಿಗೆ ನೆಮ್ಮದಿ ಸಿಕ್ಕಿತಲ್ಲ ಎಂದು ಊರೂರಲ್ಲಿ ನಿಟ್ಟುಸಿರು ಬಿಟ್ಟರು. ಆಮೇಲೆ, ೨೦೦೪ರಲ್ಲಿ, ಅದು ಟಿ.ವಿ. ಧಾರಾವಾಹಿಯಾಯಿತು. ಶ್ರೀರಂಗಪಟ್ಟಣದ ಹೊಳೆಯ ದಡದಲ್ಲಿ ಹಲಗೆಯ ಮೆಟ್ಟಿಲು ಕಟ್ಟಿ, ಅದಕ್ಕೆ ಬಣ್ಣ ಬಳಿದು, ಇದೇ ಕಾಶಿ ಎಂದರು. ನಟಿ ನೀರಿನಲ್ಲಿ ನಿಂತು ಬಿಟ್ಟೆ ಎಂದಾಗ ವೀಣೆ, ಕೊಳಲು ಎಲ್ಲ ಒಟ್ಟಿಗೆ ಮೊಳಗಿದವು. ಮುಂದಿನ ಬೇಸಿಗೆಯಿಂದ ಜನ ಬರತೊಡಗಿದರು. ಒಬ್ಬ ತಮ್ಮನನ್ನು ಬಿಡಲು ಬಂದ. ಇನ್ನೊಬ್ಬಳು ಸೊಸೆಯನ್ನು. ಮತ್ತೆ ಮತ್ತೆ ಹೆಣ್ಣುಮಕ್ಕಳನ್ನು.

ಬದರೀನಾರಾಯಣ ಮೊದಮೊದಲು ಕೂಗಾಡಿದ. ಶಾಸ್ತ್ರದಲ್ಲಿ ಇಂಥದ್ದೊಂದು ಇಲ್ಲವೇ ಇಲ್ಲ ಎಂದ. ನೀವು ಮಾಡಿಸದಿದ್ದರೆ ಪಕ್ಕದ ಬೀದಿಯವರು ಮಾಡಿಸುತ್ತಾರೆ ಎಂದರು ಯಾತ್ರಿಗಳು. ಕೊನೆಗೆ ಅವನೂ ಮಾಡಿಸತೊಡಗಿದ.

‘‘ಅಕ್ಕಾ, ನಾನು ವಿಧಿ ಮಾಡಿಸೋ ಪಂಡಿತ, ವಕೀಲ್ ಸಾಹೇಬ ಅಲ್ಲ. ಅವರು ಯಾರ ಹೆಸರು ಹೇಳ್ತಾರೋ ಅದು ಅವರ ಮರ್ಜಿ. ನೀವು ಬರೆಯೋವಾಗ ಸ್ವಲ್ಪ ಸೋಚ್ ಸಮಝ್ ಕರ್ ಬರೀಬೇಕಿತ್ತು,’’ ಎನ್ನುತ್ತಿದ್ದ. ಅವನ ತಾತನ ಕಾಲದಲ್ಲಿ ಕಾಶಿಗೆ ಬಂದ ಮನೆತನ. ಕನ್ನಡದ ಮಧ್ಯೆ ಹಿಂದಿ ಹೊಕ್ಕಿದ್ದು ಅವನಿಗೇ ತಿಳಿಯುತ್ತಿರಲಿಲ್ಲ.

ಶ್ರೀರಮಾ ಸುಮ್ಮನೆ ಕೂತಿರಲಿಲ್ಲ. ಅದು ಬರೀ ಕಲ್ಪನೆ, ಅಂಥ ಪದ್ಧತಿ ಇಲ್ಲ ಎಂದು ಪತ್ರಿಕೆಗೆ ಬರೆದರು. ಪತ್ರಿಕೆಯವರು ಅದನ್ನು ವಾರಭವಿಷ್ಯದ ಕೆಳಗೆ ಮೂರು ಸಾಲಿನಲ್ಲಿ ಹಾಕಿದರು. ಮೈಸೂರಿಗೆ ಹೋದಾಗ ಸಭೆಯಲ್ಲಿ ಗಂಟಲು ಹರಿದುಕೊಂಡು ಹೇಳಿದರು. ಜನ ಚಪ್ಪಾಳೆ ತಟ್ಟಿ, ಆ ತಾಯಿ ಈಗಲೂ ಇದ್ದಾರೆಯೇ ಎಂದು ಕೇಳಿದರು. ಇದೆಲ್ಲ ಆಗಿ ಆಗಿ ಅವರಿಗೆ ಸಾಕು ಸಾಕಾಗಿ ಹೋಗಿತ್ತು. ಬರೆಯುವುದನ್ನು ನಿಲ್ಲಿಸಿಬಿಟ್ಟರು. ಬೆಳಿಗ್ಗೆ ಘಾಟಿನ ಕಡೆ ಹೋಗುವುದನ್ನೂ ಬಿಟ್ಟರು. ಯಾರಾದರೂ ಮೆಟ್ಟಿಲು ಹತ್ತುವ ಸಪ್ಪಳವಾದರೆ, ನನ್ನ ಕಾದಂಬರಿ ಓದಿದವರು ಆಗದಿರಲಪ್ಪಾ ಎಂದು ಬೇಡಿಕೊಳ್ಳುವಂತಾಗಿತ್ತು.

ಆ ಮಾಘಮಾಸದ ಮಧ್ಯಾಹ್ನ ಹತ್ತಿ ಬಂದವಳು ಓದಿದವಳೇ.

‘‘ನಮಸ್ಕಾರ್ರಿ. ನಾ ಕೌಸಲ್ಯಾ. ರಾಯಚೂರಿಂದ ಬಂದೀವಿ, ಕೆಳಗ ಆಚಾರ್ರ ಮನ್ಯಾಗ ಇಳಕೊಂಡೀವಿ,’’ ಎಂದು ಬಾಗಿಲಲ್ಲೇ ನಿಂತಳು. ಐವತ್ತು ದಾಟಿದ ಹೆಂಗಸು, ಏದುಸಿರು. ‘‘ನಿಮ್ಮ ಕಾದಂಬರಿ ನಾ ಮೂರು ಸಲ ಓದೇನ್ರಿ.’’

‘‘ಒಳಗೆ ಬನ್ನಿ,’’ ಎಂದರು ಶ್ರೀರಮಾ. ಕೂರಿಸಿ, ನೀರು ಕೊಟ್ಟು, ಸುತ್ತು ಬಳಸುವ ತ್ರಾಣವೂ ಇಲ್ಲದೆ ಕೇಳಿದರು: ‘‘ಯಾರನ್ನ ಬಿಡೋಕೆ ಬಂದಿದೀರಿ?’’

ಕೌಸಲ್ಯಾಳ ಕಣ್ಣು ತುಂಬಿತು. ‘‘ನಾ ಅಲ್ರಿ. ನಮ್ಮವರು. ನಮ್ಮ ಗ್ರೀಷ್ಮಾನ್ನ.’’

ಒಬ್ಬಳೇ ಮಗಳು. ಜೊತೆಗೆ ಓದಿದ ವರುಣ ಎಂಬ ಹುಡುಗನನ್ನು ಮದುವೆಯಾಗಿದ್ದಾಳೆ. ಬೇರೆ ಜಾತಿ. ಈಗ ಅವಳಿಗೆ ಏಳು ತಿಂಗಳು. ಅಪ್ಪ ಹಯವದನ ಅಂದಿನಿಂದ ಅವಳ ಹೆಸರೆತ್ತಿಲ್ಲ, ನಿದ್ದೆಯನ್ನೂ ಮಾಡಿಲ್ಲ. ಟಿ.ವಿ.ಯಲ್ಲಿ ಮರುಪ್ರಸಾರವಾದ ಆ ಕಂತು ನೋಡಿ ನೆಟ್ಟಗೆ ಕೂತವರು, ನಾವೂ ಕಾಶಿಗೆ ಹೋಗೋಣ ಎಂದರಂತೆ.

‘‘ನಾಳೆ ಮುಂಜಾನೆ ಸಂಕಲ್ಪ ಐತ್ರಿ. ನಾ ಅವರ ಕೈ ಮುಟ್ಟಿಕೊಂಡು ನಿಲ್ಲಬೇಕು. ಮುಟ್ಟಿದ್ರ ಅವರು ಬಿಟ್ಟಂಗ ನಾನೂ ಬಿಟ್ಟಂಗ. ಗಂಗಿ ಮುಂದ ಆಡಿದ ಮಾತು ಮುರಿಯೋ ಧೈರ್ಯ ನಂಗಿಲ್ರಿ. ಊರಿಗೆ ಹೋಗಿ ಕದ್ದು ಮುಚ್ಚಿ ಮಾತಾಡ್ತೀನಿ ಅಂದ್ರ ಅದೂ ಆಗೂದಿಲ್ಲ. ಬಾಣಂತನಕ್ಕ ಯಾರು ಹೋಗೋರು ನನ್ನ ಮಗಳಿಗೆ?’’

‘‘ನಿಮ್ಮ ಯಜಮಾನರಿಗೆ ನೀವು ಹೇಳಿ.’’

‘‘ನಾ ಹೇಳಿದ್ದು ಯಾವಾಗ ಕೇಳ್ಯಾರ್ರಿ? ನೀವ ಬರದದ್ದು, ನೀವ ಅಳಸ್ರಿ.’’ ಅಷ್ಟು ಹೇಳಿ ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. ಗಂಡ ಸಂಜೆಯ ಆರತಿಗೆ ಕಾಯುತ್ತಿದ್ದಾರೆ, ಹುಡುಕಿಕೊಂಡು ಬಂದಾರು ಎಂದಳು.

ಶ್ರೀರಮಾ ಕುರ್ಚಿಯಿಂದ ಏಳಲಿಲ್ಲ. ಇನ್ನೆಷ್ಟು ಸಲ, ದೇವರೇ! ಸಿಟ್ಟು ಬರಬೇಕಾದ ಜಾಗದಲ್ಲಿ ಬರೀ ಆಯಾಸ ಬಂತು. ಹೊಟ್ಟೆಯಲ್ಲಿ ಕೂಸಿದ್ದ ಆ ಗ್ರೀಷ್ಮಾ ಎಂಬ ಹುಡುಗಿ ರಾಯಚೂರಿನಲ್ಲೋ ಎಲ್ಲೋ ಕೂತು, ಅಪ್ಪ ಅಮ್ಮ ತೀರ್ಥಯಾತ್ರೆಗೆ ಹೋಗಿದ್ದಾರೆ, ಬಂದ ಮೇಲೆ ಸಿಟ್ಟು ಇಳಿದಿರುತ್ತದೆ ಎಂದುಕೊಂಡಿರಬಹುದು. ಅದನ್ನು ನೆನೆದರೆ ಸಂಕಟವಾಗುತ್ತಿತ್ತು.

ಬೆಳಿಗ್ಗೆ ಅವರು ಶಾಲು ಹೊದ್ದು ಬಹಳ ದಿನಗಳ ಮೇಲೆ ಘಾಟಿಗೆ ಇಳಿದರು. ಮಂಜು ದಟ್ಟವಾಗಿತ್ತು, ದೋಣಿಯವರು ಕೂಗುವುದು ಮಾತ್ರ ಕೇಳುತ್ತಿತ್ತು. ಬದರೀನಾರಾಯಣ ಮೊಣಕಾಲುದ್ದ ನೀರಿನಲ್ಲಿ ಚೊಂಬು ಹಿಡಿದು ನಿಂತಿದ್ದ. ಕೆಳಗಿನ ಮೆಟ್ಟಿಲ ಮೇಲೆ ಹಯವದನ, ಒದ್ದೆ ಪಂಚೆಯಲ್ಲಿ, ಬೆರಳಲ್ಲಿ ದರ್ಭೆ. ತೆಳ್ಳಗಿನ ಮನುಷ್ಯ, ಕಣ್ಣಿನ ಕೆಳಗೆ ಕಪ್ಪು. ಪಕ್ಕದಲ್ಲಿ ಕೌಸಲ್ಯಾ ಒದ್ದೆ ಸೆರಗು ಬಿಗಿಯಾಗಿ ಹೊದ್ದುಕೊಂಡಿದ್ದಳು.

ಶ್ರೀರಮಾ ತಮ್ಮ ಹೆಸರು ಹೇಳಿದರು. ಹಯವದನ ಗಡಬಡಿಸಿ ಎದ್ದು ಕೈಮುಗಿದ. ಅವನ ಕಣ್ಣಿನಲ್ಲಿ ಭಕ್ತಿಯಂಥದ್ದು ಕಂಡು ಶ್ರೀರಮಾ ಅವರಿಗೆ ಮೈ ಪರಚಿಕೊಳ್ಳುವಂತಾಯಿತು.

‘‘ನೋಡಿ, ಒಂದು ಮಾತು ಹೇಳೋಕೆ ಬಂದೆ. ನಾನು ಬರೆದದ್ದೆಲ್ಲ ಕಟ್ಟುಕಥೆ. ಹೀಗೆ ಮನುಷ್ಯರನ್ನ ಬಿಡೋ ಪದ್ಧತಿ ಯಾವ ಕಾಲದಲ್ಲೂ ಇರಲಿಲ್ಲ. ನನ್ನ ತಲೆಯಿಂದ ಹುಟ್ಟಿದ್ದು.’’

‘‘ಗೊತ್ತದರಿ,’’ ಎಂದ ಹಯವದನ ಮೃದುವಾಗಿ. ‘‘ನಾ ಮೂವತ್ತು ವರ್ಷ ಹೈಸ್ಕೂಲಿನ್ಯಾಗ ಕನ್ನಡ ಕಲಿಸಿದವ. ಕಥಿ ಅಂದ್ರ ಕಥಿ ಅಂತ ನಂಗ ತಿಳಿಯೂದಿಲ್ಲೇನು? ಆದರ ಕಥಿ ಖರೇ ಇರಬೇಕಂತೇನಿಲ್ಲ, ಅದರಾಗಿನ ಮಾತು ಖರೇ ಇದ್ರ ಸಾಕು ಅಂತ ನಾನ ಹುಡುಗರಿಗೆ ಹೇಳಿಕೋತ ಬಂದೀನಿ. ಆ ತಾಯಿಗೆ ಕಡೀಕ ನಿದ್ದಿ ಬಂತು ಅಂತ ಬರದೀರಲ್ಲ, ಆ ಮಾತು ಖರೇ ಅನಸ್ತು ನಂಗ.’’

‘‘ಅವಳು ಎಂಥ ಕಟುಕಿ ಅಂತ ತೋರಿಸೋಕೆ ಬರೆದದ್ದು ಅದು!’’

‘‘ನಂಗ ಹಂಗ ಕಾಣಲಿಲ್ರಿ. ಕ್ಷಮಿಸ್ರಿ.’’ ಅವನು ಕಣ್ಣೊರೆಸಿಕೊಂಡ. ‘‘ನಂಗ ಮಗಳ ಮ್ಯಾಲ ದ್ವೇಷ ಇಲ್ರಿ. ಕಣ್ಣು ಮುಚ್ಚಿದ್ರ ಆಕೀನ ಕಾಣಸ್ತಾಳ. ಸಣ್ಣಾಕಿದ್ದಾಗ ಕಂಡಂಗ. ಒಂದು ವರ್ಷ ಆತು ನಾ ಮಲಗಿ. ಒಂದು ರಾತ್ರಿ ನಿದ್ದಿ ಬಂದ್ರ ಸಾಕಾಗೇದ.’’

ಅವನು ದುಷ್ಟನಾಗಿದ್ದರೆ ಬೈದು ಬರಬಹುದಿತ್ತು. ಶ್ರೀರಮಾ ಬದರೀನಾರಾಯಣನ ಮುಖ ನೋಡಿದರು. ಅವನು ಮಂಜಿನ ಕಡೆ ತಿರುಗಿಕೊಂಡ. ಹಯವದನ ಮತ್ತೆ ಮೆಟ್ಟಿಲ ಮೇಲೆ ಕೂತು ಕೈ ಚಾಚಿದ, ಮುಟ್ಟು ಎಂಬಂತೆ ಹೆಂಡತಿಯನ್ನು ನೋಡಿದ. ಕೌಸಲ್ಯಾ ಕೈ ಎತ್ತಿದಳು. ಎತ್ತಿದ ಕೈ ಗಂಡನ ಕೈಗೆ ಇನ್ನೇನು ತಗಲಬೇಕು, ಅಷ್ಟರಲ್ಲಿ ಶ್ರೀರಮಾ ಜೋರಾಗಿಯೇ ಹೇಳಿದರು:

‘‘ಅವಳಿಗೆ ನಿದ್ದೆ ಬರಲಿಲ್ಲ!’’

ಹಯವದನ ತಲೆಯೆತ್ತಿದ. ‘‘ಬಂತು ಅಂತ ನೀವ ಬರದೀರಿ.’’

‘‘ಸುಳ್ಳು ಬರೆದೆ.’’

‘‘ಬರಲಿಲ್ಲ ಅಂತ ನಿಮಗ ಹೆಂಗ ಗೊತ್ತು?’’

‘‘ಯಾಕೆಂದ್ರೆ ಆ ತಾಯಿ ನಾನೇ.’’

ಬದರೀನಾರಾಯಣನ ಕೈಯಿಂದ ಚೊಂಬು ಜಾರಿತು. ಶ್ರೀರಮಾ ಅವರ ಮಗಳು ನೇಹಾ, ಲಂಕಾದ ಮನೆಗೆ ಪೂಜೆ ಮಾಡಿಸಲು ಹೋಗಿ ಬರುತ್ತಿದ್ದ ಅವನ ಕಣ್ಣೆದುರಿಗೇ ಬೆಳೆದವಳು. ಕಾಶಿಯ ಹತ್ತಿರದ ಘಾಜೀಪುರದ ಹುಡುಗ ಮನೋಜನನ್ನು ಮೆಚ್ಚಿಕೊಂಡಳು. ಶ್ರೀರಮಾ ಒಂದು ಮಾತು ಆಡದೆ, ಸಂತೋಷದಿಂದ ತಾವೇ ನಿಂತು ಮದುವೆ ಮಾಡಿಸಿದರು. ಆ ಮದುವೆಯ ಚಿರೋಟಿಯನ್ನು ಬದರೀನಾರಾಯಣ ಎರಡೆರಡು ಸಲ ಹಾಕಿಸಿಕೊಂಡು ತಿಂದಿದ್ದ. ಲಖನೌದಲ್ಲಿರುವ ನೇಹಾ ಪ್ರತಿ ಭಾನುವಾರ ಫೋನ್ ಮಾಡಿ, ಅಮ್ಮಾ ಔಷಧಿ ತಗೊಂಡ್ಯಾ ಎಂದು ಜೀವ ತಿನ್ನುತ್ತಾಳೆ. ಇಷ್ಟೆಲ್ಲ ಗೊತ್ತಿದ್ದ ಬದರೀನಾರಾಯಣ ಬಗ್ಗಿ ಚೊಂಬು ಎತ್ತಿಕೊಂಡ, ಬಾಯಿ ಬಿಡಲಿಲ್ಲ.

ಶ್ರೀರಮಾ ಒದ್ದೆ ಮೆಟ್ಟಿಲ ಮೇಲೆ ಹಯವದನನ ಪಕ್ಕದಲ್ಲೇ ಕೂತರು.

‘‘ನನ್ನ ಮಗಳು ಈ ಊರ ಕಡೆಯ ಹುಡುಗನ್ನ ಮದುವೆಯಾದಳು. ನಾನು ಇದೇ ಮೆಟ್ಟಿಲ ಮೇಲೆ ನಿಂತು ಅವಳನ್ನ ಬಿಟ್ಟೆ. ಕಾಯಿಪಲ್ಯ ಬಿಟ್ಟರೆ ಸಂತೇಲಿ ಅದನ್ನ ದಾಟಿ ಮುಂದೆ ಹೋಗಬಹುದು, ಸರ್. ಮಗಳನ್ನ ಬಿಟ್ಟರೆ ದಾಟೋದು ಎಲ್ಲಿಂದ? ಆಟೋ ನಿಂತರೆ ಅವಳೇ ಇಳಿದ ಹಾಗಾಗುತ್ತೆ. ಪ್ರತಿ ಆಟೋದಿಂದಲೂ ಅವಳೇ ಇಳೀತಾಳೆ. ಫೋನ್ ಬಂದರೆ ಎತ್ತೋ ಹಾಗಿಲ್ಲ, ಗಂಗೆ ಮುಂದೆ ಮಾತು ಕೊಟ್ಟಿದ್ದೀನಲ್ಲ. ಬಡ್ಕೊಂಡು ಬಡ್ಕೊಂಡು ಅದು ಸುಮ್ಮನಾಗುತ್ತೆ. ಅವಳಿಗೆ ಮಗು ಆಯಿತಂತೆ. ಗಂಡೋ ಹೆಣ್ಣೋ ನನಗೆ ಗೊತ್ತಿಲ್ಲ. ನಿಮಗೆ ಒಂದು ವರ್ಷದಿಂದ ನಿದ್ದೆ ಇಲ್ಲ ಅಂದಿರಿ. ಇವತ್ತು ಬಿಟ್ಟು ಹೋಗಿ, ಆಮೇಲೆ ಸಾಯೋವರೆಗೂ ಬರಲ್ಲ.’’

ಹೇಳುತ್ತ ಹೇಳುತ್ತ ಅವರ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಅದು ಅಳುವೇ, ನಾಟಕವಲ್ಲ. ಆದರೂ ಒಳಗೆಲ್ಲೋ ಒಂದು ಹಳೆಯ ಜೀವ, ಎಷ್ಟೋ ವರ್ಷಗಳಿಂದ ಪೆನ್ನು ಮುಟ್ಟದೆ ಸೊರಗಿ ಕೂತಿದ್ದ ಜೀವ, ಆಟೋದ ಮಾತು ಚೆನ್ನಾಗಿ ಬಂತು ಎಂದು ಹಿಗ್ಗಿತು. ಥೂ ನಿನ್ನ ಎಂದು ಶ್ರೀರಮಾ ಅದಕ್ಕೆ ಉಗಿದರು.

ಹಯವದನ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟ. ಸುತ್ತಲಿನವರು ಯಾರೋ ಸತ್ತಿದ್ದಾರೆ ಎಂದುಕೊಂಡು ದಾರಿ ಬಿಟ್ಟರು. ಕೊನೆಗೆ ಅವನು ಮೂಗು ಸೀಟಿ, ‘‘ಆಚಾರ್ರ, ಹಾಗಲಕಾಯಿ ಬಿಡ್ತೀನಿ ಅನ್ರಿ,’’ ಎಂದ.

‘‘ಅದನ್ನ ಎಂದರ ತಿಂದೀರೇನು ನೀವು?’’ ಎಂದಳು ಕೌಸಲ್ಯಾ. ಅಳುತ್ತಳುತ್ತಲೇ ನಗು ಬಂದುಬಿಟ್ಟಿತು ಅವಳಿಗೆ. ಗಂಡನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಚೈತ್ರದಲ್ಲಿ ರಾಯಚೂರಿನಿಂದ ಫೋನ್ ಬಂತು, ಗ್ರೀಷ್ಮಾಗೆ ಹೆಣ್ಣು ಮಗು, ಅಜ್ಜ ಕೂಸನ್ನು ನೆಲಕ್ಕೆ ಇಳಿಸುವುದಿಲ್ಲ ಎಂದು. ಶ್ರೀರಮಾ ಲಕ್ಷ್ಮಿಯನ್ನು ಕೂಗಿ ಸಕ್ಕರೆ ಹಂಚಿದರು. ಆದರೆ ಹಯವದನ ಸುಮ್ಮನಿರುವ ಪೈಕಿಯಲ್ಲ, ಮೇಷ್ಟ್ರಲ್ಲವೇ. ಸಿಕ್ಕಸಿಕ್ಕವರಿಗೆಲ್ಲ ಹೇಳಿದ. ಆ ಕಾದಂಬರಿ ಖರೇ ಅಂತ, ಆಯಮ್ಮನ ಕಥೆಯೇ ಅಂತ, ಪಾಪ ನಿದ್ದೆಯಿಲ್ಲದೆ ಕಾಶಿಯಲ್ಲಿ ಕೊರಗುತ್ತಿದ್ದಾರಂತೆ ಅಂತ. ಕಲ್ಪನೆ ಎಂದು ಬಡಕೊಂಡಾಗ ಮೂರು ಸಾಲು ಹಾಕಿದ ಪತ್ರಿಕೆ ಈಗ ಭಾವಚಿತ್ರ ಸಮೇತ ಎರಡು ಪುಟ ಹಾಕಿತು.

ಬದರೀನಾರಾಯಣನಿಗಂತೂ ದಾರಿ ಸಿಕ್ಕಂತಾಯಿತು. ಯಾರಾದರೂ ಮಗಳನ್ನೋ ತಮ್ಮನನ್ನೋ ಬಿಡುತ್ತೇನೆಂದು ಬಂದರೆ, ‘‘ಮೊದಲು ಮೇಲೆ ಹೋಗಿ ಅಮ್ಮನವರ ಹತ್ತಿರ ಕೂತು ಬನ್ನಿ, ಆಮೇಲೆ ಸಂಕಲ್ಪ,’’ ಎನ್ನತೊಡಗಿದ. ಹತ್ತಿ ಹೋದವರಲ್ಲಿ ಹೆಚ್ಚಿನವರು ಇಳಿದು ಬಂದು ಹಾಗಲಕಾಯಿ ಬಿಟ್ಟು ಹೋದರು. ಶ್ರೀರಮಾ ಹೇಳಿದ್ದನ್ನೇ ಹೇಳಬೇಕು, ಅತ್ತದ್ದನ್ನೇ ಅಳಬೇಕು. ಇನ್ನು ನನ್ನ ಕೈಲಾಗಲ್ಲ ಕಣೋ ಎಂದರೆ, ‘‘ಒಂದು ಹುಡುಗಿ ಬಚ್ ಗಯೀ, ಉಳಕೊಂಡ್ಲು ಅಂದ್ಕೊಳ್ಳಿ ಅಕ್ಕ,’’ ಎನ್ನುತ್ತಿದ್ದ. ಶ್ರೀರಮಾ ಮುಂದಿನವರಿಗೆ ಕುರ್ಚಿ ಎಳೆಯುತ್ತಿದ್ದರು.

ನೇಹಾಗೆ ಫೋನಿನಲ್ಲಿ ಎಲ್ಲ ಹೇಳಿದ್ದರು. ಅವಳು ಬಿದ್ದು ಬಿದ್ದು ನಕ್ಕಳು. ‘‘ಕಥೇಲಿ ನಾನು ಸತ್ತಿಲ್ಲ ತಾನೇ?’’

‘‘ಥೂ, ಬಿಡ್ತು ಅನ್ನು.’’

‘‘ಫಿರ್ ಠೀಕ್ ಹೈ,’’ ಎಂದಳು.

ದಸರೆಗೆ ಅವಳು ಬಂದಳು. ಆಟೋ ಇಳಿದು ಮುಂಬಾಗಿಲಿಗೆ ಬಂದರೆ, ಹಜಾರದ ತುಂಬ ಶಿವಮೊಗ್ಗದ ಯಾತ್ರಿಗಳು. ಲಕ್ಷ್ಮೀ ಓಡಿ ಬಂದು ಅವಳ ಕೈ ಹಿಡಿದು, ‘‘ಬೇಟೀ, ಹಿಂದಿನ ಗಲ್ಲಿಯಿಂದ ಬಂದ್ಬಿಡು, ಇವರೆಲ್ಲ ಮೇಲೆ ಅಮ್ಮನ್ನ ನೋಡೋಕೆ ಬಂದಿದಾರೆ,’’ ಎಂದು ಪಿಸುಗುಟ್ಟಿದಳು. ನೇಹಾ ಸೂಟ್‌ಕೇಸ್ ಎತ್ತಿಕೊಂಡು, ಹಸು ಕಟ್ಟಿದ ಗಲ್ಲಿಯಿಂದ ಸುತ್ತು ಹಾಕಿ, ಪಾತ್ರೆ ತೊಳೆಯುವ ಜಾಗದಿಂದ ಅಮ್ಮನ ಮನೆಗೆ ಬಂದಳು. ಆಗಲೂ ನಕ್ಕಳು. ಆದರೆ ಫೋನಿನಲ್ಲಿ ನಕ್ಕಷ್ಟು ಹೊತ್ತು ನಗಲಿಲ್ಲ. ಇದ್ದಷ್ಟು ದಿನ ಮೆಟ್ಟಿಲ ಸಪ್ಪಳವಾದರೆ ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಗೋಡೆಯ ಮೇಲಿದ್ದ ಅವಳ ಮದುವೆಯ ಫೋಟೋ ಬೀರುವಿನೊಳಗೆ ಹೋಗಿದ್ದನ್ನು ಕಂಡು, ಬೀರುವಿನ ಬಾಗಿಲು ಮುಚ್ಚಿದಳು.

ಹೊರಡುವ ದಿನ ಶ್ರೀರಮಾ ಹಟ ಮಾಡಿ ಕಂಟೋನ್ಮೆಂಟ್ ಸ್ಟೇಷನ್ನಿಗೆ ಬಂದರು. ನೇಹಾ ಕಿಟಕಿಯ ಪಕ್ಕ ಕೂತಳು. ಹೊರಗೆ ನಿಂತು ಶ್ರೀರಮಾ ಅವಳ ಕೈ ಹಿಡಿದುಕೊಂಡಿದ್ದರು. ‘‘ಮುಂದಿನ ಸಲ ಮನೋಜನ್ನೂ ಕರ್ಕೊಂಡು ಬಾ. ನಾನು ಯಾರನ್ನೂ ಮೇಲೆ ಹತ್ತಿಸಲ್ಲ, ಬದರಿಗೆ ಹೇಳಿಬಿಡ್ತೀನಿ,’’ ಎಂದರು.

‘‘ನೀನು ಹೇಳಲ್ಲಮ್ಮಾ,’’ ಎಂದಳು ನೇಹಾ. ಸಿಟ್ಟಿನಿಂದಲ್ಲ, ಗೊತ್ತಿದ್ದದ್ದನ್ನು ಹೇಳುವಂತೆ ಹೇಳಿದಳು.

ಅಷ್ಟರಲ್ಲಿ ಪ್ಲಾಟ್‌ಫಾರ್ಮಿನ ಬೆಂಚಿನಿಂದ ಒಬ್ಬ ಹೆಂಗಸು ಎದ್ದು ಓಡಿ ಬಂದಳು. ಆ ಶಿವಮೊಗ್ಗದ ಗುಂಪಿನವಳು. ಮಗಳನ್ನು ಬಿಡಲು ಬಂದು, ಶ್ರೀರಮಾ ಅವರ ಮುಂದೆ ಕೂತು ಅತ್ತು, ಬಿಡದೆ ಹೊರಟಿದ್ದವಳು.

‘‘ಅಮ್ಮಾ, ನೀವಾ! ನಿಮ್ಮನ್ನ ನೋಡಿದ್ದು ಒಳ್ಳೇದಾಯ್ತು. ಇನ್ನೂ ಧೈರ್ಯ ಸಾಲ್ತಿಲ್ಲ ನೋಡಿ. ಊರಿಗೆ ಹೋದ ತಕ್ಷಣ ಅವಳಿಗೆ ಫೋನ್ ಮಾಡ್ತೀನಿ. ನಿಮ್ಮ ಗತಿ ನನಗೆ ಬರೋದು ಬೇಡ.’’ ಆಮೇಲೆ ಅವಳ ಕಣ್ಣು ಕಿಟಕಿಯೊಳಗಿದ್ದ ಕೈಯ ಮೇಲೆ, ಅಲ್ಲಿಂದ ನೇಹಾಳ ಮುಖದ ಮೇಲೆ ಹೋಯಿತು. ‘‘ಇವರು ಯಾರು?’’

ಶ್ರೀರಮಾ ಬಾಯಿ ತೆರೆದರು. ನನ್ನ ಮಗಳು ಎನ್ನಲು ಎಷ್ಟು ಹೊತ್ತು ಬೇಕು? ಎಂದರೆ ಈ ಹೆಂಗಸು ಊರಿಗೆ ಹೋಗಿ ಫೋನ್ ಎತ್ತುವುದಿಲ್ಲ. ಎನ್ನದಿದ್ದರೆ? ಎಷ್ಟೆಷ್ಟೋ ಕಥೆ ಕಟ್ಟಿದ್ದ ಬಾಯಿಗೆ ನಿಜವೂ ಬರಲಿಲ್ಲ, ಸುಳ್ಳೂ ಬರಲಿಲ್ಲ.

ನೇಹಾ ಮೆಲ್ಲಗೆ ಕೈ ಬಿಡಿಸಿಕೊಂಡಳು. ‘‘ನಾನು ಪಕ್ಕದ ಮನೆಯವಳು,’’ ಎಂದಳು, ತಪ್ಪಿಲ್ಲದ ಕನ್ನಡದಲ್ಲಿ. ರೈಲು ಅಲುಗಿತು. ‘‘ಬರ್ತೀನಿ ಆಂಟಿ. ಔಷಧಿ ಮರೀಬೇಡಿ.’’

ಮರೀಬೇಡಿ ಎಂದಳು. ಹುಟ್ಟಿದಾಗಿನಿಂದ ಅಮ್ಮನಿಗೆ ಒಂದು ಸಲವೂ ಬಹುವಚನ ಹಚ್ಚದ ಹುಡುಗಿ. ಶ್ರೀರಮಾ ನಾಲ್ಕು ಹೆಜ್ಜೆ ಕಿಟಕಿಯ ಜೊತೆ ನಡೆದರು, ಆಮೇಲೆ ಆಗಲಿಲ್ಲ. ಶಿವಮೊಗ್ಗದ ಹೆಂಗಸು ಬಂದು ಅವರ ಬೆನ್ನು ಸವರಿ, ‘‘ನಿಮ್ಮ ಮಗಳದೂ ಇದೇ ವಯಸ್ಸಿರಬೇಕು, ಅಲ್ವಾ? ಪಾಪ,’’ ಎಂದಳು.

ಹೌದು ಎಂಬಂತೆ ಶ್ರೀರಮಾ ತಲೆಯಾಡಿಸಿದರು.

ಸ್ಟೇಷನ್ನಿನ ಹೊರಗೆ ಬಂದು ನಿಂತರೆ ಶಿವಾಲಾ ಶಿವಾಲಾ ಎಂದು ಆಟೋದವರು ಮುತ್ತಿಕೊಂಡರು. ಒಂದು ಆಟೋ ಎದುರಿಗೇ ಬಂದು ನಿಂತಿತು. ಅದರಿಂದ ಇಳಿದ ಹುಡುಗಿ ಬೆನ್ನು ತಿರುಗಿಸಿಕೊಂಡು ಚೀಲ ಎಳೆಯುತ್ತಿದ್ದಳು. ಶ್ರೀರಮಾ, ‘‘ನೇಹಾ,’’ ಎಂದು ಕೂಗಿಯೇಬಿಟ್ಟರು. ಹುಡುಗಿ ತಿರುಗಿ ನೋಡಿದಳು; ಯಾರೋ ಬೇರೆಯವಳು. ಅವಳ ಹಿಂದೆ ಇನ್ನೊಂದು ಆಟೋ ಬಂದು ನಿಂತಿತು. ಶ್ರೀರಮಾ ಅದರ ಕಡೆ ನೋಡದಿರಲು ತುಂಬ ಪ್ರಯತ್ನಪಟ್ಟರು.